ಸಮುದ್ರದ ಮೂಟೆ ಮತ್ತು ಅರ್ಧ ಹೊಟ್ಟೆಯ ಕುರಿ

“ಇದು ಸತ್ತು ಎಷ್ಟು ದಿನ ಆಯ್ತು ಮೇಷ್ಟ್ರೇ?”

ಗಾಡಿ ಹೊಡೆಯುವ ಎತ್ತಪ್ಪ ಹೀಗೆ ಕೇಳಿದ್ದೇ ತಡ, ಶ್ರೀರಾಂಪುರದ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದ ಎಂಟು ಹತ್ತು ಜನ ಎರಡೆರಡು ಹೆಜ್ಜೆ ಹಿಂದಕ್ಕೆ ಸರಿದರು. ಬಸ್ಸಿನ ಟಾಪಿನಿಂದ ಆಗ ತಾನೇ ಇಳಿದ ಗೋಣಿಚೀಲವೊಂದು ನೆಲದ ಮೇಲೆ ದಪ್ಪಗೆ ಕೂತಿತ್ತು. ಅದರ ಬುಡದಿಂದ ಕಂದು ಬಣ್ಣದ ನೀರು ತೊಟ್ಟಿಕ್ಕುತ್ತಿತ್ತು.

“ಸತ್ತಿದ್ದಲ್ಲ ಮಾರಾಯಾ, ಒಣಗಿಸಿದ್ದು,” ಎಂದರು ಮೇಷ್ಟ್ರು.

“ಒಣಗಿಸಿದ್ದು ಯಾಕ್ರೀ ಸೋರ್ತೈತೆ?”

“ಜೋಗದ ಹತ್ರ ಮಳೆ ಬಂತು. ಟಾಪಿನ ಮೇಲೆ ನೆನೀತು.”

ಕಂಡಕ್ಟರ್ ಟಿಕೆಟ್ ಕಟ್ಟನ್ನು ಮೂಗಿಗೆ ಅಡ್ಡ ಹಿಡಿದಿದ್ದ. “ಸಾರ್, ಹೊಸದುರ್ಗದಾಗೆ ಹತ್ತಿದೋರು ಅರ್ಧ ಜನ ದಾರೀಲೇ ಇಳಿದ್ರು. ಅವರ ಊರು ಇನ್ನೂ ಬಂದೇ ಇರಲಿಲ್ಲ,” ಎಂದು ಹೇಳಿ ರೈಟ್ ಕೊಟ್ಟುಬಿಟ್ಟ. ಬಸ್ಸು ಯಾವತ್ತೂ ಇಲ್ಲದ ಅವಸರದಲ್ಲಿ ಹೊರಟುಹೋಯಿತು.

ಗಾಡಿಯ ಪಕ್ಕ ನಿಂತಿದ್ದ ಸಿದ್ದಿ ಮಾತ್ರ ಹಿಂದೆ ಸರಿಯಲಿಲ್ಲ. ಸರಿಯಬೇಕು ಅಂತ ಕಾಲಿಗೆ ಅನ್ನಿಸಿತ್ತು. ಆದರೆ ಆ ಮೂಟೆ ಬಂದದ್ದೇ ಅವಳಿಗೋಸ್ಕರ. ಅಷ್ಟು ದೂರದ ಸಮುದ್ರದಿಂದ ತನಗಾಗಿ ಬಂದದ್ದರ ಮುಂದೆ ಮೂಗು ಮುಚ್ಚಿಕೊಳ್ಳುವುದು ಹೇಗೆ? ಅವಳು ಬಾಯಲ್ಲಿ ಉಸಿರಾಡುತ್ತ ನಿಂತಳು.

ಸಿದ್ದಿಯ ಪೂರ್ತಿ ಹೆಸರು ಮರುಳಸಿದ್ದಮ್ಮ. ಅದು ಮುತ್ತಜ್ಜಿಯ ಹೆಸರು. ಹತ್ತು ವರ್ಷದ ಹುಡುಗಿಗೆ ಅಣ್ಣನ ಅಂಗಿ ತೊಡಿಸಿದ ಹಾಗೆ ಅದು ಸಡಿಲವಾಗಿದ್ದುದರಿಂದ ಎಲ್ಲರೂ ಕತ್ತರಿಸಿ ಸಿದ್ದಿ ಮಾಡಿಕೊಂಡಿದ್ದರು. ಕರೆಕಲ್ಲಹಳ್ಳಿಯ ಶಾಲೆಯಲ್ಲಿ ಅವಳದು ಐದನೇ ಕ್ಲಾಸು. ಆ ಕ್ಲಾಸಿನ ಪ್ರತಿಯೊಬ್ಬರಿಗೂ ಶಾಲೆಯ ಕೈತೋಟದಲ್ಲಿ ಏಳೇಳು ಟೊಮ್ಯಾಟೊ ಗಿಡ ಕೊಟ್ಟಿದ್ದರು. ಎಲೆಗೆ ಚುಕ್ಕೆ ಬಿದ್ದದ್ದು ಮೊದಲು ಸಿದ್ದಿಯ ಗಿಡಗಳಿಗೆ. ಕಂದು ಚುಕ್ಕೆ, ಸುತ್ತ ಹಳದಿ ಉಂಗುರ. ನಾಲ್ಕು ದಿನದಲ್ಲಿ ಎಲೆ ಸುಟ್ಟ ಹಪ್ಪಳದಂತೆ ಮುದುಡಿ ಬೀಳುತ್ತಿತ್ತು.

ಊರಿನಲ್ಲಿ ಸಲಹೆಗೇನೂ ಬರವಿರಲಿಲ್ಲ. ದೃಷ್ಟಿಯಾಗಿದೆ, ಹಳೇ ಚಪ್ಪಲಿ ಕಟ್ಟು ಅಂದರು. ಕಟ್ಟಿದಳು. ಆ ಚಪ್ಪಲಿ ಯಾರದೋ ಹೊಸದಾಗಿತ್ತು, ಬೈಸಿಕೊಂಡಳು. ಒಲೆಯ ಬೂದಿ ಎರಚು ಅಂದರು. ಎರಚಿದಳು. ಏಳೂ ಗಿಡ ವಿಭೂತಿ ಬಳಿದುಕೊಂಡು ಪೂಜೆಗೆ ಕೂತ ಹಾಗೆ ಕಂಡವು. ಚುಕ್ಕೆ ಮಾತ್ರ ಹೋಗಲಿಲ್ಲ.

ಆಗ ಹೊಸ ಮೇಷ್ಟ್ರು ಗಿಡದ ಹತ್ತಿರ ಮೊಣಕಾಲೂರಿ ಕೂತು, ಒಂದು ಎಲೆಯನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದ್ದರು. ಅವರು ಕುಮಟಾ ಕಡೆಯವರು. ಜೂನ್ ತಿಂಗಳಲ್ಲಿ ಈ ಊರಿಗೆ ಬಂದಿದ್ದರು.

“ಇದೊಂಥರಾ ಬೂಷ್ಟು,” ಎಂದಿದ್ದರು. “ಕಣ್ಣಿಗೆ ಕಾಣದಷ್ಟು ಸಣ್ಣದು. ಎಲೆಯ ಒಳಗೇ ಮನೆ ಮಾಡ್ತದೆ.”

“ಔಷಧಿ ಐತಾ ಸಾರ್?”

“ನಮ್ಮೂರಲ್ಲಿ ತೆಂಗಿನ ಬುಡಕ್ಕೆ ಸಮುದ್ರದ ಪಾಚಿ ಹಾಕ್ತಾರೆ. ಅದರ ರಸ ಇಂಥ ಬೂಷ್ಟನ್ನ ಬೆಳೀಲಿಕ್ಕೆ ಬಿಡೋದಿಲ್ಲ ಅಂತ ಯಾರೋ ಪರೀಕ್ಷೆ ಮಾಡಿ ನೋಡಿದ್ದಾರಂತೆ. ಪೇಪರಿನಲ್ಲಿ ಓದಿದ್ದೆ. ನಿನ್ನ ಗಿಡಕ್ಕೆ ಆಗ್ತದೋ ಇಲ್ವೋ, ನೋಡುವಾ. ದಸರಾ ರಜೆಗೆ ಹೋದಾಗ ತರ್ತೆ.”

ತಂದೇಬಿಟ್ಟಿದ್ದರು. ಅವರ ತಂಗಿ ಬಂಡೆಗಳ ಮೇಲಿಂದ ಕಿತ್ತು, ಮರಳಿನ ಮೇಲೆ ಹರಡಿ ಒಣಗಿಸಿ ತುಂಬಿಕೊಟ್ಟದ್ದಂತೆ. ಮೂರು ಬಸ್ಸು, ಎರಡು ದಿನ, ಒಂದು ಮೂಟೆ.

“ಹೋಗಾಣ ನಡೀರಿ,” ಎಂದು ಎತ್ತಪ್ಪ ಟವೆಲ್ಲನ್ನು ಮೂಗಿಗೆ ಬಿಗಿದು ಗಾಡಿ ಹತ್ತಿದ. ಮೂರು ಮೈಲಿ ದಾರಿಯಲ್ಲಿ ಎತ್ತುಗಳು ಒಂದು ಸಲವೂ ಚಾಟಿ ಕೇಳಲಿಲ್ಲ. ಹಿಂದಿರುವುದರಿಂದ ದೂರ ಹೋಗಬೇಕು ಅಂತ ಅವು ಓಡುತ್ತಿದ್ದವು. ಅದು ಅವುಗಳ ಹಿಂದೆಯೇ ಬರುತ್ತಿತ್ತು.

*

ಗಾಡಿಗಿಂತ ಮೊದಲು ವಾಸನೆ ಊರು ಮುಟ್ಟಿತು. ವಾಸನೆಗಿಂತ ಮೊದಲು ಬೆಕ್ಕುಗಳು ಬಂದಿದ್ದವು.

ಸಿದ್ದಿಯ ಮನೆಯಿದ್ದ ಬೀದಿಯಲ್ಲಿ ಎಲ್ಲರೂ ಲಿಂಗ ಕಟ್ಟಿದವರು. ಮೊಟ್ಟೆ ಅನ್ನುವ ಮಾತನ್ನು ಕೂಡ ಮೆಲ್ಲಗೆ ಆಡುವ ಬೀದಿ ಅದು. ಅಲ್ಲಿಯ ಬೆಕ್ಕುಗಳು ಹುಟ್ಟಿದಾಗಿನಿಂದ ಹಾಲು, ಮಜ್ಜಿಗೆ ಬಿಟ್ಟು ಬೇರೇನನ್ನೂ ಕಂಡಿರಲಿಲ್ಲ. ಇಲಿಗಳ ವಿಷಯ ಯಾರೂ ಕೇಳುತ್ತಿರಲಿಲ್ಲ. ಅಂಥ ಹನ್ನೊಂದು ಬೆಕ್ಕು ಸಿದ್ದಿಯ ಮನೆಯ ಜಗಲಿಯ ಮೇಲೆ ಬಾಲ ಸುತ್ತಿಕೊಂಡು, ಮದುವೆ ಮನೆಗೆ ಬಂದ ನೆಂಟರ ಹಾಗೆ ಸಾಲಾಗಿ ಕೂತಿದ್ದವು.

ಬಾಗಿಲಲ್ಲಿ ಸಿದ್ದಿಯ ಅಜ್ಜಿ ಪಾರ್ವತಮ್ಮ ನಿಂತಿದ್ದಳು. ಮೇಷ್ಟ್ರು ಬಾಡಿಗೆಗಿದ್ದದ್ದು ಅವಳ ಮನೆಯ ಜಗಲಿ ಪಕ್ಕದ ಕೋಣೆಯಲ್ಲಿ. ಮೀನು ತಿನ್ನುವ ಊರಿನವರು ಅಂತ ಗೊತ್ತಾದ ಮೇಲೆ ಅವರಿಗೆ ಊರಿನಲ್ಲಿ ಯಾರೂ ಮನೆ ಕೊಟ್ಟಿರಲಿಲ್ಲ. ಅಜ್ಜಿ ಕೊಟ್ಟಿದ್ದಳು, ಒಂದೇ ಒಂದು ಕರಾರಿನ ಮೇಲೆ. “ಮೀನು ಅನ್ನೋದು ನಮ್ಮ ಹೊಸ್ತಿಲು ತುಳಿದ ದಿನ ನಿಮ್ಮ ಟ್ರಂಕು ಬೀದೀಲಿರ್ತೈತೆ ಮೇಷ್ಟ್ರೇ.” ಮೇಷ್ಟ್ರು ಒಪ್ಪಿದ್ದರು. ಐದು ತಿಂಗಳು ಮುದ್ದೆ, ಹುರುಳಿಕಾಳು ಸಾರು ಉಂಡು, ಕರಾರಿನಂತೆ ನಡೆದುಕೊಂಡಿದ್ದರು.

“ಏನದು?” ಎಂದಳು ಅಜ್ಜಿ.

“ಸಮುದ್ರದ ಪಾಚಿ, ಅಜ್ಜಿ. ಸಿದ್ದಿಯ ಗಿಡಕ್ಕೆ ಔಷಧಿ.”

“ಪಾಚಿ ನಮ್ಮ ಬಾವಿಯಾಗೂ ಐತೆ. ಅದು ಹಿಂಗೆ ಬೀದಿ ತುಂಬ ಓಡಾಡಲ್ಲ.”

ಅಷ್ಟರಲ್ಲಿ ಎದುರು ಮನೆಯ ಏಕಾಂತಪ್ಪನವರು ಬಂದರು. ಬೀದಿಯ ಯಾವ ಮಾತೂ ಅವರಿಲ್ಲದೆ ಮುಗಿಯುತ್ತಿರಲಿಲ್ಲ. ಅವರಿದ್ದರೂ ಬೇಗ ಮುಗಿಯುತ್ತಿರಲಿಲ್ಲ. ಅವರು ಮೂಟೆಯ ಸುತ್ತ ಒಂದು ಸುತ್ತು ಹಾಕಿ, ಬೆಕ್ಕುಗಳನ್ನು ಎಣಿಸಿ, “ಇದು ಮೀನು,” ಎಂದರು.

“ಪಾಚಿ, ಸಾರ್. ಸೊಪ್ಪಿನ ಜಾತಿ,” ಎಂದರು ಮೇಷ್ಟ್ರು.

“ನಾನು ಗೋಕರ್ಣಕ್ಕೆ ಹೋಗಿದ್ದೆ ಕಣ್ರೀ. ಒಂದು ಗಂಟೆ ನಿಂತು ಸಮುದ್ರ ನೋಡಿದೀನಿ. ಬರೀ ನೀರು. ಸೊಪ್ಪು ಇರಲಿಲ್ಲ.”

“ಅದು ನೀರಿನ ಒಳಗೆ ಇರ್ತದೆ.”

“ನೀರಿನ ಒಳಗಿರೋದೆಲ್ಲ ಮೀನೇ.”

ಸಿದ್ದಿಗೆ ತಡೆಯಲಾಗಲಿಲ್ಲ. “ಹಂಗಾದ್ರೆ ತಾವರೆ, ತಾತ?”

“ತಾವರೆ ಕೆರೇದು. ಕೆರೆ ಲೆಕ್ಕ ಬೇರೆ,” ಎಂದರು ಏಕಾಂತಪ್ಪನವರು. “ಸೊಪ್ಪಾಗಿದ್ರೆ ಬೇರಿರಬೇಕಲ್ಲ? ಎಲ್ಲಿ, ಬೇರು ತೋರ್ಸು.”

ಸಿದ್ದಿ ಮೂಟೆಯ ಬಾಯಿ ಬಿಚ್ಚಿ ಕೈ ಹಾಕಿದಳು. ಜಿಗುಟು ಜಿಗುಟಾದ ಒಂದು ಉದ್ದನೆಯ ಎಳೆ ಬಂತು. ಎಮ್ಮೆಯ ಬಾಲದ ಬಣ್ಣ. ಅಲ್ಲಲ್ಲಿ ಕಡಲೆಕಾಳಿನಷ್ಟು ಗುಳ್ಳೆಗಳು. ಬೇರು ಇರಲಿಲ್ಲ. ಬೇರು ಇರಬೇಕಾದ ಜಾಗದಲ್ಲಿ ಅದು ಒಂದು ಪುಟ್ಟ ಕಲ್ಲನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಕಲ್ಲಿನ ಪಕ್ಕ ಉಗುರಿನಷ್ಟು ದೊಡ್ಡ ಬಿಳಿಯ ಚಿಪ್ಪು.

“ಮೂಳೆ!” ಎಂದರು ಯಾರೋ.

“ಮೂಳೆ ಅಲ್ಲ, ಚಿಪ್ಪು. ಖಾಲಿ ಚಿಪ್ಪು,” ಎಂದರು ಮೇಷ್ಟ್ರು.

ಏಕಾಂತಪ್ಪನವರು ಬೆರಳೆತ್ತಿದರು. “ಖಾಲಿ ಅಂದ್ರೆ ಏನರ್ಥ? ಒಳಗೆ ಮೊದಲು ಯಾರೋ ಇದ್ರು ಅಂತ ಅರ್ಥ.”

ಅಜ್ಜಿ ಕರಾರನ್ನು ನೆನೆಸಿಕೊಳ್ಳುತ್ತಿರುವುದು ಅವಳ ಮುಖದಲ್ಲೇ ಕಾಣುತ್ತಿತ್ತು. ಈ ಮನೆ ಬಿಟ್ಟರೆ ಮೇಷ್ಟ್ರಿಗೆ ಊರಿನಲ್ಲಿ ಇನ್ನೊಂದು ಮನೆಯಿಲ್ಲ. ಮನೆಯಿಲ್ಲದ ಮೇಷ್ಟ್ರು ವರ್ಗ ಮಾಡಿಸಿಕೊಂಡು ಹೋಗುತ್ತಾರೆ. ಹೋದ ವರ್ಷದವರು ಹೋದದ್ದೂ ಹಾಗೆಯೇ. ಆಮೇಲೆ ಎಲೆಯನ್ನು ಬಿಸಿಲಿಗೆ ಹಿಡಿದು ನೋಡುವವರು ಯಾರು? ಎಲ್ಲಕ್ಕಿಂತ ಹೆಚ್ಚಾಗಿ, ಗಿಡ ಅವಳದು. ಔಷಧಿ ಐತಾ ಅಂತ ಕೇಳಿದ್ದೂ ಅವಳೇ.

ಆ ಹೊತ್ತಿಗೆ ಸರಿಯಾಗಿ ಗೊಲ್ಲರಹಟ್ಟಿಯ ಕಾಟಯ್ಯ ಕುರಿ ಹೊಡೆದುಕೊಂಡು ಬೀದಿಯಲ್ಲಿ ಬಂದ. ಅಜ್ಜಿ ಕುರಿಗಳನ್ನು ನೋಡಿದಳು, ಮೂಟೆಯನ್ನು ನೋಡಿದಳು.

“ಜಗಳ ಬ್ಯಾಡ,” ಎಂದಳು. “ಕುರಿ ಮೀನು ತಿನ್ನಲ್ಲ, ಹೌದೋ ಅಲ್ಲೋ ಕಾಟಯ್ಯ?”

“ಸಿವಸಿವಾ,” ಎಂದ ಕಾಟಯ್ಯ, ತನ್ನ ಮನೆತನಕ್ಕೇ ಯಾರೋ ಮಾತು ಅಂದ ಹಾಗೆ. “ನಮ್ಮ ಕುರಿ ಸೊಪ್ಪು ಬಿಟ್ರೆ ಇನ್ನೊಂದು ಮುಟ್ಟಿಲ್ಲವ್ವ.”

“ಹಂಗಾದ್ರೆ ಕುರೀನೇ ಹೇಳ್ಲಿ. ಬೆಳಿಗ್ಗೆ ಮೇಯಕ್ಕೆ ಹೊಡಿಯೋವಾಗ ಒಂದು ಕುರಿ ಇಲ್ಲಿ ನಿಲ್ಸು. ತಿಂದ್ರೆ ಸೊಪ್ಪು. ಮುಟ್ಟದೆ ಹೋದ್ರೆ ಮೀನು. ಮೀನಾದ್ರೆ...” ಅಜ್ಜಿ ಮೇಷ್ಟ್ರ ಕೋಣೆಯ ಕಡೆ ನೋಡಿದಳು.

“ಹಸಿದ ಕುರಿ ಆಗಲ್ಲ,” ಎಂದರು ಏಕಾಂತಪ್ಪನವರು ತಕ್ಷಣ. “ಹಸಿದದ್ದು ನನ್ನ ಪಂಚೆನೂ ತಿಂತೈತೆ.”

“ಹೊಟ್ಟೆ ತುಂಬಿದ್ದು ತರ್ತೀನಿ ಬಿಡ್ರಿ.”

“ತುಂಬಿದ್ದು ಹೋಳಿಗೆ ಇಟ್ರೂ ಮೂಸಲ್ಲ. ಅದು ಮೇಷ್ಟ್ರಿಗೆ ಅನ್ಯಾಯ. ಅರ್ಧ ಹೊಟ್ಟೆ ತುಂಬಿರಬೇಕು.”

ಕಾಟಯ್ಯ ತನ್ನ ಕುರಿಗಳ ಕಡೆ ತಿರುಗಿ ಸ್ವಲ್ಪ ಹೊತ್ತು ಯೋಚಿಸಿದ. “ಅರ್ಧ ಅಂದ್ರೆ ಎಡಗಡೆ ಅರ್ಧನೋ, ಬಲಗಡೆ ಅರ್ಧನೋ?”

“ಲೇ ಕಾಟಯ್ಯ!”

“ಆಯ್ತು ಬಿಡ್ರಿ. ಕೆಂದೀನ ತರ್ತೀನಿ. ಅವಳಷ್ಟು ನಾಜೂಕಿನೋಳು ಹಟ್ಟಿಯಾಗೇ ಇಲ್ಲ. ನಾನು ಅಂಗೈಯಾಗೆ ಉಪ್ಪು ಇಟ್ರೆ ಉಳಿದವು ನನ್ನ ಕೈಯನ್ನೇ ನುಂಗಕ್ಕೆ ಬರ್ತವೆ. ಕೆಂದಿ ಮಾತ್ರ ಎರಡು ಸಲ ಮೂಸಿ, ಆಮೇಲೆ ನೆಕ್ಕೋದು.”

ಮೂಟೆಯನ್ನು ಹೊಂಗೆ ಮರದ ಕೆಳಗಿಟ್ಟರು. ಬೆಕ್ಕುಗಳು ಎದ್ದುಬಂದು ಅದರ ಸುತ್ತ ಕೂತವು.

ಸಂಜೆ ಸಿದ್ದಿ ಕೋಣೆಯ ಬಾಗಿಲಲ್ಲಿ ಇಣುಕಿದಾಗ ಮೇಷ್ಟ್ರು ಅಂಗಿಗಳನ್ನು ಮಡಚಿ ಟ್ರಂಕಿನಲ್ಲಿ ಇಡುತ್ತಿದ್ದರು.

“ಎಂತ ಇಲ್ಲ,” ಎಂದರು ಅವಳನ್ನು ನೋಡಿ. “ಬಟ್ಟೆ ಮಡಚಿಡೋದು ಒಳ್ಳೇ ಅಭ್ಯಾಸ.”

“ಕುರಿ ತಿಂತೈತಾ ಸಾರ್?”

“ನಮ್ಮ ಸಮುದ್ರದ ಹತ್ರ ಕುರಿ ಇಲ್ಲ ಮಾರಾಯ್ತಿ. ನಿಮ್ಮ ಕುರಿ ಹತ್ರ ಸಮುದ್ರ ಇಲ್ಲ. ಯಾರಿಗೆ ಗೊತ್ತು?” ಎಂದು ಅವರು ನಕ್ಕರು. ನಕ್ಕು, ಇನ್ನೊಂದು ಅಂಗಿ ಮಡಚಿದರು.

*

ಕೋಳಿಯಿಲ್ಲದ ಬೀದಿಯಲ್ಲಿ ಬೆಳಗಾಗುವುದನ್ನು ಹಾಲು ಕರೆಯುವ ಸದ್ದೇ ಹೇಳಬೇಕು. ಆ ಸದ್ದು ಕೇಳುತ್ತಲೇ ಸಿದ್ದಿ ಎದ್ದಳು. ಅಡಿಗೆಮನೆಯ ಮೂಲೆಯಲ್ಲಿ ಉಪ್ಪಿನ ಮಡಕೆಯಿತ್ತು. ಎರಡೂ ಕೈ ತುಂಬ ಕಲ್ಲುಪ್ಪು ತೆಗೆದು ಲಂಗದಲ್ಲಿ ಕಟ್ಟಿಕೊಂಡಳು. ಹೊಂಗೆ ಮರದ ಕೆಳಗೆ ಹೋಗಿ, ಉಸಿರು ಬಿಗಿಹಿಡಿದು, ಮೂಟೆಯೊಳಗೆ ಮೊಣಕೈವರೆಗೆ ಕೈ ಹಾಕಿ ಎಲ್ಲವನ್ನೂ ಬೆರೆಸಿದಳು. ಬೆಕ್ಕುಗಳು ನೋಡುತ್ತಿದ್ದವು.

“ಯಾರಿಗಾದ್ರೂ ಹೇಳೀರಿ,” ಎಂದಳು ಅವಕ್ಕೆ.

ಬಿಸಿಲು ಬರುವಷ್ಟರಲ್ಲಿ ಬೀದಿ ತುಂಬಿತ್ತು. ಸಿದ್ದಿಯ ಕ್ಲಾಸಿನವರು ಜಗಲಿಕಟ್ಟೆ ಹತ್ತಿದ್ದರು. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಇಂಟರ್‌ವ್ಯೂಗೆ ಬಂದವರ ಹಾಗೆ ಕೈಕಟ್ಟಿ ನಿಂತಿದ್ದರು. ಕಾಟಯ್ಯ ಅರವತ್ತು ಕುರಿಗಳನ್ನು ಬೀದಿಯ ತುದಿಯಲ್ಲಿ ತಡೆದು ನಿಲ್ಲಿಸಿ, ಅವುಗಳ ಮುಂದೆ ಎತ್ತಪ್ಪನನ್ನು ಕೋಲು ಕೊಟ್ಟು ಕಾವಲಿಗೆ ಬಿಟ್ಟು, ಕೆಂದಿಯೊಂದನ್ನೇ ಕರೆತಂದ. ಏಕಾಂತಪ್ಪನವರು ಬಾಗಿ ಕುರಿಯ ಹೊಟ್ಟೆಯನ್ನು ಎರಡೂ ಕಡೆ ತಟ್ಟಿ ನೋಡಿದರು.

“ಅರ್ಧಕ್ಕಿಂತ ಒಂಚೂರು ಜಾಸ್ತಿ ಐತೆ. ಇರ್ಲಿ,” ಎಂದರು.

ಮೂಟೆಯ ಬಾಯಿ ಬಿಚ್ಚಿದರು. ಕೆಂದಿ ಮುಂದೆ ಬಂದು ಕತ್ತು ಚಾಚಿ ಒಂದು ಸಲ ಮೂಸಿತು.

ಸೀನಿತು.

“ನೋಡಿದ್ರಾ!” ಎಂದರು ಏಕಾಂತಪ್ಪನವರು. “ಮೀನು.”

“ಸೀನಿದ್ದು ಲೆಕ್ಕಕ್ಕಿಲ್ಲ,” ಎಂದ ಕಾಟಯ್ಯ. “ತಿನ್ನೋ ಮಾತು ಆಗಿದ್ದು. ಸೀನೋ ಮಾತು ಆಗಿರಲಿಲ್ಲ.”

ಕೆಂದಿ ಎರಡು ಹೆಜ್ಜೆ ಹಿಂದೆ ಹೋಯಿತು. ಸಿದ್ದಿ ಕಣ್ಣು ಮುಚ್ಚಿಕೊಂಡಳು. ಆಮೇಲೆ ಹಪ್ಪಳ ಮುರಿದಂಥ ಒಂದು ಸಣ್ಣ ಸದ್ದು ಕೇಳಿತು. ಕಣ್ಣು ಬಿಟ್ಟಾಗ ಕೆಂದಿಯ ಬಾಯಿಯಿಂದ ಉದ್ದನೆಯ ಎಳೆಯೊಂದು ನೇತಾಡುತ್ತಿತ್ತು. ಅದು ಮೆಲ್ಲಗೆ ಒಳಗೆ ಹೋಗುತ್ತಿತ್ತು. ಕೊನೆಗೆ ಗುಳ್ಳೆಯೊಂದು ಟಪ್ಪೆಂದು ಒಡೆಯಿತು. ಕೆಂದಿ ತಲೆಯೆತ್ತಿ “ಬ್ಯಾ” ಎಂದಿತು.

ಆ ಮಾತಿನಲ್ಲಿ ಏನಿತ್ತೋ, ಜನಕ್ಕೆ ತಿಳಿಯಲಿಲ್ಲ. ಬೀದಿಯ ತುದಿಯಲ್ಲಿದ್ದ ಐವತ್ತೊಂಬತ್ತು ಕುರಿಗಳಿಗೆ ತಿಳಿಯಿತು.

ಮೊದಲು ಎತ್ತಪ್ಪನ ಕೋಲು ಗಾಳಿಯಲ್ಲಿ ಕಂಡಿತು. ಆಮೇಲೆ ಎತ್ತಪ್ಪ ಕಂಡ, ಅವನೂ ಹೆಚ್ಚುಕಡಿಮೆ ಗಾಳಿಯಲ್ಲೇ. ಧೂಳು, ಉಣ್ಣೆ, ಕಾಲು, ಕೊಂಬು ಎಲ್ಲ ಒಂದಾಗಿ ಬಂದು ಹೊಂಗೆ ಮರದ ಕೆಳಗೆ ಬಿತ್ತು. ಬೆಕ್ಕುಗಳು ಮನೆಯ ಮಾಡು ಹತ್ತಿದವು. ಮೂಟೆ ಒಂದು ಸಲ ಎಡಕ್ಕೆ ಹೋಯಿತು, ಒಂದು ಸಲ ಬಲಕ್ಕೆ. ಆಮೇಲೆ ಕುರಿಗಳ ಬೆನ್ನ ಮೇಲೆ ಸವಾರಿ ಮಾಡುತ್ತ ಬೀದಿಯುದ್ದಕ್ಕೂ ಹೊರಟಿತು. “ಸಾಕ್ಷಿಗೆ ಒಂದು ಸಾಕು! ಒಂದು ಸಾಕು!” ಎಂದು ಕೂಗುತ್ತ ಏಕಾಂತಪ್ಪನವರು ಮೂಟೆಯನ್ನು ಹಿಡಿಯಲು ಓಡಿದರು. ಓಡುವಾಗ ಅವರ ಹೆಗಲ ಮೇಲೆ ವಲ್ಲಿಯಿತ್ತು. ತಿರುಗಿ ಬರುವಾಗ ಇರಲಿಲ್ಲ. ಅದರ ಅಂಚು ಒಂದು ಟಗರಿನ ಬಾಯಲ್ಲಿತ್ತು.

ಧೂಳು ಇಳಿದಾಗ ಗೋಣಿಚೀಲ ಚರಂಡಿಯ ಪಕ್ಕ ಚಪ್ಪಟೆಯಾಗಿ ಬಿದ್ದಿತ್ತು. ಒಂದು ಮರಿ ಇನ್ನೂ ಅದನ್ನು ನೆಕ್ಕುತ್ತಿತ್ತು.

“ಸೊಪ್ಪೇ,” ಎಂದಳು ಅಜ್ಜಿ.

“ನಾನು ಅನ್ಕೊಂಡಿದ್ದೂ ಅದೇನೇ,” ಎಂದರು ಏಕಾಂತಪ್ಪನವರು, ಬರಿಯ ಹೆಗಲು ಒರೆಸಿಕೊಳ್ಳುತ್ತ.

“ಮೇಷ್ಟ್ರೇ,” ಎಂದ ಕಾಟಯ್ಯ ಕಣ್ಣರಳಿಸಿ, “ಇನ್ನೊಂದು ಮೂಟೆ ಯಾವಾಗ ತರಿಸ್ತೀರಿ?”

*

ಎಲ್ಲರೂ ಹೋದ ಮೇಲೆ ಮೇಷ್ಟ್ರು ಖಾಲಿ ಚೀಲವನ್ನು ಹಿತ್ತಲಿಗೆ ತಂದು ಒಳಮೈ ಹೊರಗೆ ಮಾಡಿ ನೋಡುತ್ತಿದ್ದರು. ಹೊಲಿಗೆಯ ಸಂದಿಯಲ್ಲಿ ಒಂದು ಹಿಡಿಯಷ್ಟು ಪಾಚಿ ಅಂಟಿಕೊಂಡಿತ್ತು. ಸಿದ್ದಿ ಅಲ್ಲಿಗೆ ಬಂದು ತಲೆ ತಗ್ಗಿಸಿ ನಿಂತಳು.

“ಸಾರ್, ನಾನು ಮೋಸ ಮಾಡ್ದೆ.”

“ಎಂತ ಮೋಸ?”

“ಬೆಳಿಗ್ಗೆ ಎದ್ದು ಅದಕ್ಕೆ ಉಪ್ಪು ಹಾಕಿದ್ದೆ. ಎರಡು ಕೈ ತುಂಬ. ಕುರಿ ತಿನ್ಲಿ ಅಂತ.” ಅವಳು ಖಾಲಿ ಚೀಲದ ಕಡೆ ಕೈ ತೋರಿಸಿದಳು. “ಅದಕ್ಕೇ ಎಲ್ಲಾ ತಿಂದು ಖಾಲಿ ಮಾಡಿದ್ವು.”

ಮೇಷ್ಟ್ರು ಪಾಚಿಯ ಒಂದು ಚೂರನ್ನು ಕಿತ್ತು ಅವಳ ಕೈಗೆ ಕೊಟ್ಟರು. “ಇದು ಹೊಲಿಗೆಯ ಒಳಗೆ ಸಿಕ್ಕಿಕೊಂಡಿತ್ತು. ನಿನ್ನ ಉಪ್ಪು ತಾಗಿಲ್ಲ. ನೆಕ್ಕಿ ನೋಡು.”

ಸಿದ್ದಿ ನಾಲಿಗೆಯ ತುದಿ ತಾಗಿಸಿದಳು. ಮುಖ ಹಿಂಡಿಕೊಂಡಳು. ಅಜ್ಜಿಯ ಉಪ್ಪಿನ ಮಡಕೆಯ ತಳ ನೆಕ್ಕಿದ ಹಾಗಿತ್ತು.

“ಗಿಡಕ್ಕೆ ಹಾಕೋ ಮೊದಲು ಮೂರು ನೀರಲ್ಲಿ ತೊಳೆದು ಉಪ್ಪು ತೆಗೀಬೇಕು ಅಂತ ನಾನು ಯೋಚನೆ ಮಾಡ್ತಾ ಇದ್ದೆ,” ಎಂದರು ಮೇಷ್ಟ್ರು. “ನೀನು ಹೋಗಿ ಸಮುದ್ರಕ್ಕೆ ಉಪ್ಪು ಹಾಕಿ ಬಂದ್ಯಲ್ಲ ಮಾರಾಯ್ತಿ!”

ಹೇಳುತ್ತ ಹೇಳುತ್ತ ಅವರಿಗೆ ನಗು ಬಂತು. ಚೀಲ ಹಿಡಿದುಕೊಂಡೇ ಒಗೆಯುವ ಕಲ್ಲಿನ ಮೇಲೆ ಕೂತು ನಕ್ಕರು. ಸಿದ್ದಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

“ಹಂಗಾದ್ರೆ ನಾನು ಮೋಸ ಮಾಡ್ದಂಗಾಯ್ತೋ ಇಲ್ವೋ?”

ಮೇಷ್ಟ್ರು ನಗು ನಿಲ್ಲಿಸಿ, ಎಲೆ ನೋಡುವಷ್ಟೇ ಗಮನದಿಂದ ಆ ಪ್ರಶ್ನೆಯನ್ನು ನೋಡಿದರು. “ಮಾಡ್ಲಿಕ್ಕೆ ಹೋದೆ,” ಎಂದರು. “ಆಗಲಿಲ್ಲ.”

ಒಂದು ಹಿಡಿ ಪಾಚಿಯಲ್ಲಿ ಏಳು ಗಿಡಕ್ಕೆ ಔಷಧಿಯಾಗುವಂತಿರಲಿಲ್ಲ. ಬಕೆಟ್ಟಿನಲ್ಲಿ ಮೂರು ಸಲ ತೊಳೆದರು. ಆಮೇಲೆ ನೆನೆಹಾಕಿ, ಹಿಸುಕಿ, ಹಳೇ ಪಂಚೆಯಲ್ಲಿ ಸೋಸಿದರು. ಒಂದು ಚೊಂಬು ಕಷಾಯ ಬಂತು. ಅದನ್ನು ಎರಡು ಗಿಡಗಳ ಎಲೆಗೆ, ಮೇಲೂ ಕೆಳಗೂ ಸಿದ್ದಿ ಬೇವಿನ ಕಡ್ಡಿಯ ಕುಂಚದಿಂದ ಬಳಿದಳು. ಇನ್ನೆರಡು ಗಿಡಕ್ಕೆ ಬರೀ ನೀರು ಬಳಿಸಿದರು ಮೇಷ್ಟ್ರು.

“ಬರೀ ನೀರು ಯಾಕೆ ಸಾರ್?”

“ಔಷಧಿ ಕೆಲಸ ಮಾಡ್ತೋ, ನೀನು ದಿನಾ ಬಂದು ಎಲೆ ಸವರಿದ್ದು ಕೆಲಸ ಮಾಡ್ತೋ, ಗೊತ್ತಾಗಬೇಕಲ್ಲ.”

ಹತ್ತು ದಿನ ಸಿದ್ದಿ ಬೆಳಿಗ್ಗೆ ಸಂಜೆ ಚುಕ್ಕೆ ಎಣಿಸಿದಳು. ಕಷಾಯ ಬಳಿದ ಗಿಡಗಳಲ್ಲಿ ಒಂದು ಹೊಸ ಚಿಗುರು ಬಿಟ್ಟಿತು. ಚಿಗುರಿನಲ್ಲಿ ಒಂದೂ ಚುಕ್ಕೆಯಿರಲಿಲ್ಲ. ಇನ್ನೊಂದು ಗಿಡದಲ್ಲಿ ಚುಕ್ಕೆ ಮೊದಲಿನ ಹಾಗೆಯೇ ಬಿದ್ದವು. ಬರೀ ನೀರಿನ ಗಿಡಗಳೆರಡೂ ಒಣಗಿದವು. ಏನೂ ಬಳಿಯದ ಮೂರು ಗಿಡಗಳಲ್ಲಿ ಒಂದು, ಯಾರನ್ನೂ ಕೇಳದೆ, ಕಾಯಿ ಬಿಟ್ಟಿತು. ಮೇಷ್ಟ್ರು ನೋಟ್‌ಬುಕ್ಕಿನಲ್ಲಿ ಇದನ್ನೆಲ್ಲ ಬರೆದು, ಪೆನ್ಸಿಲ್ಲಿನ ತುದಿ ಕಚ್ಚಿಕೊಂಡು, “ಇನ್ನೊಂದು ಸಲ ಮಾಡಿ ನೋಡಬೇಕು. ಜಾಸ್ತಿ ಗಿಡಕ್ಕೆ,” ಎಂದರು. ಅಷ್ಟರಲ್ಲಿ ಊರಿನವರ ಪಾಲಿಗೆ ಪರೀಕ್ಷೆ ಮುಗಿದಿತ್ತು. ಸಮುದ್ರದ ಸೊಪ್ಪು ತಿಂದ ಕುರಿ ಕೆಮ್ಮುವುದಿಲ್ಲ ಅಂತ ಏಕಾಂತಪ್ಪನವರು ಕಂಡುಹಿಡಿದಿದ್ದರು. ಅದಕ್ಕೆ ಮುಂಚೆ ಯಾವ ಕುರಿ ಕೆಮ್ಮುತ್ತಿತ್ತು ಅಂತ ಅವರನ್ನು ಯಾರೂ ಕೇಳಲಿಲ್ಲ.

ಕುರಿಗಳಂತೂ ದಿನಾ ಸಂಜೆ ಹಟ್ಟಿಗೆ ಹೋಗುವ ಮುಂಚೆ ಸಿದ್ದಿಯ ಮನೆಯ ಮುಂದೆ ಬಂದು ನಿಲ್ಲುತ್ತಿದ್ದವು. ಅರವತ್ತೂ ಬಾಗಿಲ ಕಡೆಗೇ ನೋಡುತ್ತಿದ್ದವು. ಕಾಟಯ್ಯ ಎಷ್ಟು ಕೂಗಿದರೂ ಕದಲುತ್ತಿರಲಿಲ್ಲ. ಅಜ್ಜಿ ಹೊರಗೆ ಬಂದು, “ಇಲ್ಲಮ್ಮ, ಆಗೋಯ್ತು, ಹೋಗ್ರಿ,” ಎಂದು ಮರ್ಯಾದೆಯಿಂದ ಹೇಳಿದ ಮೇಲೇ ಹೋಗುತ್ತಿದ್ದವು.

“ಎಲ್ಲಾ ಆ ಚೀಲದ ವಾಸನೇದು,” ಎಂದಳು ಅಜ್ಜಿ ಒಂದು ಭಾನುವಾರ ಸಂಜೆ. “ಸೊಪ್ಪಾದ್ರೇನು, ನಾತ ನಾತಾನೇ. ಹಿತ್ತಲಿಗೆ ಹೋಗಂಗಿಲ್ಲ. ಲೇ ಸಿದ್ದಿ, ಅದನ್ನ ತಗೊಂಡ್ ಬಾರೆ, ನೀರೊಲೆಗೆ ಹಾಕಾಣ.”

ಸಿದ್ದಿ ಹಿತ್ತಲ ಬಾಗಿಲಿಗೆ ಬಂದಳು. ಗೋಡೆಯ ಮೇಲೆ ಹರವಿದ್ದ ಚೀಲ ಅಲ್ಲಿರಲಿಲ್ಲ.

ಬಾಳೆಗಿಡದ ಆಚೆ ಮೇಷ್ಟ್ರು ನಿಂತಿದ್ದರು. ಚೀಲ ಅವರ ಎರಡೂ ಕೈಯಲ್ಲಿತ್ತು. ಅವರು ಅದನ್ನು ಮುಖಕ್ಕೆ ಒತ್ತಿ ಹಿಡಿದಿದ್ದರು. ಊರಿಗೆ ಊರೇ ಮೂಗು ಮುಚ್ಚಿಕೊಂಡಿದ್ದ ವಾಸನೆಯನ್ನು ಅವರು ನಿಧಾನವಾಗಿ, ಪೂರ್ತಿಯಾಗಿ ಒಳಗೆ ಎಳೆದುಕೊಳ್ಳುತ್ತಿದ್ದರು. ಬಿಟ್ಟು, ಮತ್ತೆ ಎಳೆದುಕೊಳ್ಳುತ್ತಿದ್ದರು.

ಸಿದ್ದಿ ಅಲ್ಲೇ ನಿಂತಳು. ಹೋದ ವರ್ಷ ಅವಳ ಅಕ್ಕ ಮದುವೆಯಾದ ಮೇಲೆ ಮೊದಲ ಸಲ ಗಂಡನ ಮನೆಯಿಂದ ಬಂದವಳು, ಕಾಲಿಗೆ ನೀರು ಕೂಡ ಹಾಕಿಕೊಳ್ಳದೆ ಒಳಗೆ ಹೋಗಿ, ಗೂಟಕ್ಕೆ ನೇತುಹಾಕಿದ್ದ ಅಮ್ಮನ ಸೀರೆಯಲ್ಲಿ ಮುಖ ಹುದುಗಿಸಿ ಹೀಗೆಯೇ ನಿಂತಿದ್ದಳು. ಆ ಸೀರೆಗೆ ಹೊಗೆ, ಸಗಣಿಯ ವಾಸನೆ ಇತ್ತು.

ಸದ್ದು ಮಾಡದೆ ಹಿಂದಕ್ಕೆ ಹೆಜ್ಜೆಯಿಡುತ್ತಲೇ ಸಿದ್ದಿ ಒಳಗೆ ಬಂದಳು.

“ಎಲ್ಲೇ ಚೀಲ?” ಎಂದಳು ನೀರೊಲೆಯ ಮುಂದೆ ಕೂತಿದ್ದ ಅಜ್ಜಿ.

“ಅದಿನ್ನೂ ಒದ್ದೆ ಐತೆ ಅಜ್ಜಿ. ಉರಿಯಲ್ಲ.”

“ಒದ್ದೆ? ಹತ್ತು ದಿನದಿಂದ ಬಿಸಿಲಾಗೆ ಬಿದ್ದೈತೆ. ನೆಟ್ಟಗೆ ನಿಲ್ಲಿಸಿದ್ರೆ ನಿಲ್ತೈತೆ, ಹಲಗೆ ಆದಂಗೆ ಆಗೈತೆ.”

“ಒದ್ದೆ ಐತೆ,” ಎಂದಳು ಸಿದ್ದಿ.

ಅಜ್ಜಿ ಊದುಗೊಳವೆ ಕೆಳಗಿಟ್ಟು ಮೊಮ್ಮಗಳ ಮುಖ ನೋಡಿದಳು. ಆಮೇಲೆ ಅವಳ ಹೆಗಲ ಮೇಲಿಂದ ಹಿತ್ತಲ ಬಾಗಿಲ ಕಡೆ ನೋಡಿದಳು. ಬಾಗಿಲು ಅರ್ಧ ತೆರೆದಿತ್ತು.

“ಯಾವಾಗ ಒಣಗ್ತೈತೆ?”

ಸಿದ್ದಿ ಬೆರಳು ಮಡಚಿ ತಿಂಗಳುಗಳನ್ನು ಎಣಿಸಿದಳು. “ಬ್ಯಾಸಿಗೆ ರಜಕ್ಕೆ,” ಎಂದಳು. “ಸಾರ್ ಊರಿಗೆ ಹೋದಾಗ.”

ಅಜ್ಜಿ ಸೆರಗನ್ನು ಮೂಗಿನ ಮೇಲೆ ಎಳೆದುಕೊಂಡಳು. “ಹಂಗಾದ್ರೆ ಅಲ್ಲೀಗಂಟ ಗೋಡೆ ಮೇಲೇ ಇರ್ಲಿ,” ಎಂದು ಒಲೆಗೆ ಬೇರೆ ಸೌದೆ ಇಟ್ಟಳು.